ಹೆಲ್ತ್‌ಕೇರ್ ಸ್ಟಾರ್ಟಪ್‌ನಲ್ಲಿ ಎಂಜಿನಿಯರ್ ಕೆಲಸ: ಸೇರಬಹುದಾ?

ಪ್ರಶ್ನೆ: ನಾಲ್ಕು ವರ್ಷದಿಂದ ಒಂದು ಆನ್‌ಲೈನ್ ಶಾಪಿಂಗ್ ಕಂಪನಿಯಲ್ಲಿ ಬ್ಯಾಕೆಂಡ್ ಎಂಜಿನಿಯರ್ ಆಗಿದ್ದೇನೆ. ಈಗ ಇಪ್ಪತ್ತೈದು ಜನರಿರುವ ಹೆಲ್ತ್‌ಕೇರ್ ಸ್ಟಾರ್ಟಪ್ ಒಂದರಿಂದ ಆಫರ್ ಬಂದಿದೆ. ರೋಗಿಯ ಲ್ಯಾಬ್ ರಿಪೋರ್ಟ್, ಔಷಧಿ ವಿವರ ಎಲ್ಲವನ್ನೂ ಒಂದೇ ಕಡೆ ತೋರಿಸುವ ಸಾಫ್ಟ್‌ವೇರ್ ಅವರದು. ನನಗೆ ವೈದ್ಯಕೀಯದ ಗಂಧಗಾಳಿ ಇಲ್ಲ. ಅಲ್ಲಿ ಕೆಲಸ ತುಂಬಾ ನಿಧಾನ, ಬರೀ ಡಾಕ್ಯುಮೆಂಟ್ ಬರೆಯೋದೇ ಆಗುತ್ತೆ ಅಂತ ಗೆಳೆಯರು ಹೆದರಿಸುತ್ತಾರೆ. ತಪ್ಪಾದರೆ ಜೀವಕ್ಕೇ ಕುತ್ತು ಅನ್ನುವ ಭಯವೂ ಇದೆ. ಸೇರಲಾ?

ಉತ್ತರ: ಸೇರಿ ಅಂತಲೇ ಹೇಳುತ್ತೇನೆ. ಆದರೆ ಸಹಿ ಹಾಕುವ ಮೊದಲು ಒಂದೆರಡು ವಿಷಯ ಕೇಳಿ ತಿಳಿದುಕೊಳ್ಳಬೇಕು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ನಾನು ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಎರಡು ಸ್ಟಾರ್ಟಪ್ ಆಯಿತು. ಮೊದಲನೆಯದು ಮುಚ್ಚಿಹೋಯಿತು, ಎರಡನೆಯದು ನಡೆಯುತ್ತಿದೆ. ನೀವು ಹೇಳಿದಂಥ ಸಾಫ್ಟ್‌ವೇರನ್ನೇ ಎರಡೂ ಕಡೆ ಕಟ್ಟಿದ್ದು.

ಮೊದಲ ಕಂಪನಿಗೆ ಸೇರಿ ಮೂರು ತಿಂಗಳಾಗಿತ್ತು. ಎರಡು ಲ್ಯಾಬ್‌ಗಳಿಂದ ಬರುವ ರಕ್ತದ ಸಕ್ಕರೆಯ ರಿಪೋರ್ಟುಗಳನ್ನು ಒಂದೇ ಗ್ರಾಫಿನಲ್ಲಿ ತೋರಿಸುವ ಕೆಲಸ ನನ್ನದು. ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ವಾರ್ಡಿನಲ್ಲಿ ಅದನ್ನು ತೋರಿಸಲು ಹೋಗಿದ್ದೆವು. ಒಬ್ಬ ಹಿರಿಯ ನರ್ಸ್ ಸ್ಕ್ರೀನ್ ನೋಡಿದರು, ಹಾಸಿಗೆಯ ಕಡೆ ತಿರುಗಿದರು, ಮತ್ತೆ ಸ್ಕ್ರೀನ್ ನೋಡಿದರು. "ಇವರ ಶುಗರ್ 6 ಅಂತ ಬರ್ತಿದೆಯಲ್ಲ, 6 ಇದ್ದಿದ್ರೆ ಈ ಅಜ್ಜಿ ನನ್ನ ಹತ್ರ ಹೀಗೆ ಮಾತಾಡ್ತಾ ಕೂತಿರ್ತಿರಲಿಲ್ಲ" ಅಂದರು. ಒಂದು ಲ್ಯಾಬ್ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಕಳಿಸುತ್ತಿತ್ತು, ಇನ್ನೊಂದು ಲೀಟರಿಗೆ ಇಷ್ಟು ಮಿಲಿಮೋಲ್ ಅಂತ. ಇವೆರಡರ ನಡುವೆ ಸುಮಾರು 18 ಪಟ್ಟು ವ್ಯತ್ಯಾಸ. ಆ ಅಜ್ಜಿಯ 6 ಮಿಲಿಮೋಲ್ ಅಂದರೆ ಮಿಲಿಗ್ರಾಂ ಲೆಕ್ಕದಲ್ಲಿ 108, ಗಾಬರಿ ಪಡುವಂಥದ್ದೇನೂ ಅಲ್ಲ. ಯೂನಿಟ್ ಯಾವುದು ಅನ್ನೋದು ಬಂದ ಮೆಸೇಜಿನಲ್ಲೇ ಇತ್ತು. ನಾನು ಅದನ್ನು ಓದದೆ ಅಂಕಿಯನ್ನಷ್ಟೇ ಎತ್ತಿಕೊಂಡಿದ್ದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಯೋಚಿಸುತ್ತಾ ಹೋದಾಗ ಇನ್ನೊಂದು ವಿಷಯ ಹೊಳೆಯಿತು, ಅದು ಇನ್ನೂ ಹೆದರಿಸಿತು. 18 ಪಟ್ಟು ತಪ್ಪಾಗಿದ್ದರಿಂದ ಅದು ಕಣ್ಣಿಗೆ ಬಿತ್ತು. ತೂಕದಲ್ಲಿ ಪೌಂಡು ಮತ್ತು ಕಿಲೋ ಅದಲು ಬದಲಾದರೆ ವ್ಯತ್ಯಾಸ 2.2 ಪಟ್ಟು ಮಾತ್ರ. 20 ಕಿಲೋದ ಮಗು 44 ಕಿಲೋ ಅಂತ ಕಂಡರೆ ಅದು ಅಸಾಧ್ಯವಾದ ಅಂಕಿಯಲ್ಲ, 44 ಕಿಲೋದ ಮಕ್ಕಳೂ ಇರುತ್ತಾರೆ. ಮಕ್ಕಳಿಗೆ ಎಷ್ಟೋ ಔಷಧಿಯ ಡೋಸನ್ನು ತೂಕದ ಮೇಲೇ ಲೆಕ್ಕ ಹಾಕುತ್ತಾರೆ. ನಿಜವೆಂದೇ ಕಾಣುವ ತಪ್ಪು ಯಾರ ಕಣ್ಣಿಗೂ ಬೀಳದೆ ನೇರವಾಗಿ ಸಿರಿಂಜಿನವರೆಗೆ ಹೋಗಬಹುದು. ಶಾಪಿಂಗ್ ಸೈಟಿನಲ್ಲಿ ಎರರ್ ಬಂದು ಪುಟ ನಿಂತುಹೋದರೆ ದೊಡ್ಡ ಗಲಾಟೆ, ಅಲ್ವಾ? ಇಲ್ಲಿ ನಿಂತುಹೋಗುವ ಸಾಫ್ಟ್‌ವೇರಿಗಿಂತ ಏನೂ ಆಗದಂತೆ ತಪ್ಪು ಅಂಕಿ ತೋರಿಸುತ್ತಾ ಹೋಗುವ ಸಾಫ್ಟ್‌ವೇರ್ ಜಾಸ್ತಿ ಅಪಾಯಕಾರಿ. ನಿಂತುಹೋದರೆ ನರ್ಸ್, ಡಾಕ್ಟರ್‌ಗಳು ಕಾಗದಕ್ಕೆ ಮರಳುತ್ತಾರೆ, ಅದಕ್ಕೆಂದೇ ಫಾರ್ಮ್‌ಗಳನ್ನು ಇಟ್ಟುಕೊಂಡಿರುತ್ತಾರೆ. ಆಸ್ಪತ್ರೆಗಳಿಗೆ ಅದು ರೂಢಿಯಲ್ಲಿದೆ. ಹಾಗಾಗಿ ನಿಮ್ಮ ಕೋಡಿಗೆ ಯೂನಿಟ್ ಗೊತ್ತಾಗದಿದ್ದರೆ ಅಂದಾಜು ಮಾಡಬೇಡಿ. "ಯೂನಿಟ್ ಇಲ್ಲ, ಲ್ಯಾಬಿಗೆ ಕೇಳಿ" ಅಂತ ತೋರಿಸಿ ನಿಲ್ಲಿಸಿ.

ವೈದ್ಯಕೀಯ ಗೊತ್ತಿಲ್ಲ ಅಂದಿರಿ. ಡಾಕ್ಟರ್ ಆಗುವಷ್ಟು ಓದಬೇಕಿಲ್ಲ. ಇಂಥ ಅಂಕಿ ಸ್ಕ್ರೀನ್ ಮೇಲೆ ಬಂದರೆ ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ, ಅಷ್ಟನ್ನು ಪ್ರತಿ ಫೀಲ್ಡಿಗೂ ಕೇಳಿಕೊಳ್ಳುವ ಅಭ್ಯಾಸ ಬೇಕು. ನಿಮ್ಮ ಪ್ರೋಗ್ರಾಮಿಂಗ್ ಭಾಷೆ 5 ಅನ್ನುವ ಡೋಸನ್ನು "5.0" ಅಂತ ಪ್ರಿಂಟ್ ಮಾಡಬಹುದು. ನಮಗೆ ಅದು ಏನೂ ಅನ್ನಿಸುವುದಿಲ್ಲ. ಆದರೆ ಆ ಚುಕ್ಕಿ ಮಸುಕಾಗಿ ಕಂಡರೆ ಅದು 50, ಹತ್ತು ಪಟ್ಟು ಡೋಸ್. ಅದಕ್ಕೇ ಔಷಧಿ ಸುರಕ್ಷತೆಯವರ ನಿಯಮ ಬಲು ಕಟ್ಟುನಿಟ್ಟು: ಪೂರ್ಣಾಂಕದ ನಂತರ ಚುಕ್ಕಿ ಸೊನ್ನೆ ಬರೆಯಬಾರದು, ಅರ್ಧವಾದರೆ ಚುಕ್ಕಿಗೆ ಮೊದಲು ಸೊನ್ನೆ ಇರಲೇಬೇಕು, ಅಂದರೆ 0.5. ಮೈಕ್ರೋಗ್ರಾಂಗೆ ಗ್ರೀಕ್ ಅಕ್ಷರದ ಗುರುತು ಬಳಸಬಾರದು ಅಂತಲೂ ಹೇಳುತ್ತಾರೆ, ಯಾಕೆಂದರೆ ಅವಸರದಲ್ಲಿ ಅದು ಮಿಲಿಗ್ರಾಂನಂತೆ ಕಾಣುತ್ತೆ, ಆಗ ಸಾವಿರ ಪಟ್ಟು ತಪ್ಪು. ಇವೆಲ್ಲ ಒಂದು ಸಂಜೆಯಲ್ಲಿ ಕಲಿಯಬಹುದಾದ ವಿಷಯಗಳು. ಇಂಥವು ಇವೆ ಅಂತ ಗೊತ್ತಿರಬೇಕು, ಅಷ್ಟೇ.

ಖಾಲಿ ಬಿಟ್ಟ ಫೀಲ್ಡ್ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸಬರೆಲ್ಲ ಇಲ್ಲಿ ಎಡವುತ್ತಾರೆ. ಅಲರ್ಜಿ ಅನ್ನುವ ಜಾಗ ಖಾಲಿ ಇದೆ ಅಂದುಕೊಳ್ಳಿ. ರೋಗಿಗೆ ಅಲರ್ಜಿ ಇಲ್ಲ ಅಂತಲೋ? ಕೇಳಿದರೂ ಅವರಿಗೆ ಗೊತ್ತಿರಲಿಲ್ಲ ಅಂತಲೋ? ಪ್ರಜ್ಞೆಯಿಲ್ಲದೆ ಬಂದರು, ಕೇಳಲು ಆಗಲೇ ಇಲ್ಲ ಅಂತಲೋ? ಡೇಟಾಬೇಸಿನಲ್ಲಿ ಮೂರೂ ಒಂದೇ ನಲ್, ಅಂದರೆ ಬರೀ ಖಾಲಿ. ಪೆನಿಸಿಲಿನ್ ಕೊಡಬೇಕಾದವರ ಪಾಲಿಗೆ ಮೂರೂ ಬೇರೆ ಬೇರೆ. "ಅಲರ್ಜಿ ಇಲ್ಲವೆಂದು ಕೇಳಿ ಖಚಿತಪಡಿಸಲಾಗಿದೆ" ಅನ್ನೋದನ್ನು ಬೇರೆಯೇ ಆದ ಮಾಹಿತಿಯಾಗಿ ಇಟ್ಟುಕೊಳ್ಳಬೇಕು, ಯಾರು ಕೇಳಿದರು, ಯಾವಾಗ ಕೇಳಿದರು ಅನ್ನೋದರ ಸಮೇತ.

ಹೆಸರೂ ಅಷ್ಟೇ. ಹುಟ್ಟಿದ ಕೂಸಿಗೆ ಹೆಸರೇ ಇರುವುದಿಲ್ಲ, ಎಷ್ಟೋ ಕಡೆ ಇಂಥವರ ಮಗು ಅಂತ ತಾಯಿಯ ಹೆಸರಲ್ಲೇ ದಾಖಲಿಸುತ್ತಾರೆ. ಅವಳಿ ಮಕ್ಕಳಾದರೆ ಇಬ್ಬರಿಗೂ ಒಂದೇ ತಾಯಿ, ಒಂದೇ ಜನ್ಮದಿನಾಂಕ, ಹೆಚ್ಚುಕಡಿಮೆ ಒಂದೇ ಹೆಸರು. ಹೆಸರು ಮತ್ತು ಹುಟ್ಟಿದ ದಿನ ಹೊಂದಿದರೆ ಒಬ್ಬರೇ ಅಂತ ಜೋಡಿಸುವ ಕೋಡ್ ಬರೆದಿದ್ದರೆ ಒಂದು ಮಗುವಿನ ರಿಪೋರ್ಟ್ ಇನ್ನೊಂದಕ್ಕೆ ಹೋಗುತ್ತೆ. ನಿಮ್ಮ ಈಗಿನ ಕೆಲಸದಲ್ಲಿ ಒಬ್ಬ ಗ್ರಾಹಕನ ಎರಡು ಖಾತೆ ಸೇರಿಸುವುದು ಸುಲಭ. ಇಲ್ಲಿ ಇಬ್ಬರು ರೋಗಿಗಳನ್ನು ತಪ್ಪಾಗಿ ಸೇರಿಸಿ, ಆಮೇಲೆ ಬಿಡಿಸಬೇಕಾಗಿ ಬಂದರೆ ಅದರಷ್ಟು ಕಷ್ಟದ ಕೆಲಸ ನಾನು ಬೇರೆ ಕಂಡಿಲ್ಲ. ಸೇರಿಸಿದ ಮೇಲೆ ಬಂದ ಪ್ರತಿ ರಿಪೋರ್ಟೂ ಯಾರದ್ದು ಅಂತ ಒಂದೊಂದಾಗಿ ನೋಡಬೇಕು.

ಇನ್ನು ದಿನನಿತ್ಯದ ಕೆಲಸ. ಹೊಸ ಫೀಚರ್ ಕಟ್ಟುವುದಕ್ಕಿಂತ ಬೇರೆಯವರ ಹಳೆಯ ವ್ಯವಸ್ಥೆಗಳಿಂದ ಡೇಟಾ ತರುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತೆ. ಎಚ್‌ಎಲ್ ಸೆವೆನ್ ಅಂತ ಒಂದು ಸಂಸ್ಥೆ 1987ರಲ್ಲಿ ಶುರುವಾಯಿತು, ಆಸ್ಪತ್ರೆಯ ಕಂಪ್ಯೂಟರುಗಳು ಪರಸ್ಪರ ಮಾತಾಡುವ ರೀತಿಯನ್ನು ಗೊತ್ತುಮಾಡಲು. ಅವರ ಎರಡನೇ ಆವೃತ್ತಿಯ ಮೆಸೇಜುಗಳು ಇವತ್ತಿಗೂ ಎಲ್ಲೆಲ್ಲೂ ಓಡುತ್ತಿವೆ: ಸಾಲುಸಾಲು ಅಕ್ಷರ, ನಡುನಡುವೆ ಉದ್ದ ಗೆರೆ, ಯಾವ ಗೆರೆಯ ನಂತರ ಏನು ಬರುತ್ತೆ ಅಂತ ಎಣಿಸಿಕೊಂಡು ಓದಬೇಕು. ಈಗ ಫೈರ್ (FHIR) ಅನ್ನುವ ಹೊಸ ಮಾನದಂಡ ಬಂದಿದೆ, ಜೇಸನ್, ರೆಸ್ಟ್ ಎಪಿಐ ಅಂತ ವೆಬ್ ಸಾಫ್ಟ್‌ವೇರಿನವರು ದಿನವೂ ಬಳಸುವ ರೀತಿಗಳೇ ಇರುವುದರಿಂದ ನಿಮಗೆ ಮನೆಯಂತೆ ಅನ್ನಿಸುತ್ತೆ. ಆದರೆ ಎರಡನ್ನೂ ಕಲಿಯಿರಿ. ಹಳೆಯದು ಸದ್ಯಕ್ಕೆ ಹೋಗುವ ಲಕ್ಷಣ ಇಲ್ಲ.

ಆ ಹಳೆಯ ಮೆಸೇಜಿನಲ್ಲಿ ಒಂದೇ ಒಂದು ಅಕ್ಷರ ಎಷ್ಟು ಮುಖ್ಯ ಅಂತ ನೋಡಿ. ಪ್ರತಿ ಲ್ಯಾಬ್ ಫಲಿತಾಂಶದ ಹನ್ನೊಂದನೇ ಜಾಗದಲ್ಲಿ ಅದರ ಸ್ಥಿತಿ ಇರುತ್ತೆ. "ಪಿ" ಅಂದರೆ ಪ್ರಾಥಮಿಕ, "ಎಫ್" ಅಂದರೆ ಅಂತಿಮ, "ಸಿ" ಅಂದರೆ ಮೊದಲು ಕಳಿಸಿದ್ದು ತಪ್ಪಿತ್ತು, ಇದು ತಿದ್ದಿದ್ದು. ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡುವ ಕಲ್ಚರ್ ಟೆಸ್ಟ್ ದಿನಗಟ್ಟಲೆ ನಡೆಯುತ್ತೆ. ಮೊದಲ ದಿನ "ಏನೂ ಬೆಳೆದಿಲ್ಲ" ಅಂತ ಪ್ರಾಥಮಿಕ ವರದಿ ಬರುತ್ತೆ, ಮೂರನೇ ದಿನ ಬೆಳೆದಿದೆ ಅಂತ ಬರಬಹುದು. ನಮ್ಮಲ್ಲಿ ಒಮ್ಮೆ ಒಂದೇ ಟೆಸ್ಟಿಗೆ ಎರಡನೇ ಸಲ ಬಂದ ಮೆಸೇಜನ್ನು ನಕಲು ಅಂದುಕೊಂಡು ಬಿಸಾಡುವ ಕೋಡನ್ನು ಒಬ್ಬ ಜಾಣ ಹುಡುಗ ಬರೆದಿದ್ದ. ಪಾಪ, ಅವನ ಹಿಂದಿನ ಕೆಲಸದಲ್ಲಿ ಅದೇ ಸರಿಯಾದ ಕ್ರಮ, ಒಂದೇ ಆರ್ಡರ್ ಎರಡು ಸಲ ಬರಬಾರದಲ್ಲ. ಬಿಡುಗಡೆಗೆ ಮುಂಚೆ ನಮ್ಮ ಕಂಪನಿಯ ಡಾಕ್ಟರ್ ಸುಮ್ನೆ ಒಂದು ಪ್ರಶ್ನೆ ಕೇಳಿದರು, "ಲ್ಯಾಬ್‌ನವರು ತಿದ್ದಿ ಕಳಿಸಿದರೆ ಏನಾಗುತ್ತೆ?" ಅಂತ. ಎಲ್ಲರೂ ಸುಮ್ಮನಾದರು. ಆ ಬಿಡುಗಡೆಯನ್ನು ಎರಡು ವಾರ ಮುಂದೂಡಿದೆವು.

ನಿಧಾನ ಅಂತ ನಿಮ್ಮ ಗೆಳೆಯರು ಹೇಳಿದ್ದು ಇದನ್ನೇ ಇರಬೇಕು. ಹೌದು, ನಿಧಾನ. ಆದರೆ ಆ ಎರಡು ವಾರವನ್ನು ನಾನು ಯಾವತ್ತೂ ನಷ್ಟ ಅಂತ ಲೆಕ್ಕ ಹಾಕಿಲ್ಲ. ಥೆರಾಕ್-25 ಅನ್ನುವ ಯಂತ್ರದ ಕಥೆಯನ್ನು ಒಮ್ಮೆ ಕೂತು ಓದಿ. ಕ್ಯಾನ್ಸರಿಗೆ ವಿಕಿರಣ ಕೊಡುವ ಯಂತ್ರ ಅದು. 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಬಿತ್ತು, ಕೆಲವರು ತೀರಿಕೊಂಡರು. ಹಿಂದಿನ ಮಾದರಿಗಳಲ್ಲಿ ತಪ್ಪನ್ನು ತಡೆಯಲು ಹಾರ್ಡ್‌ವೇರ್‌ನಲ್ಲೇ ತಡೆಗಳಿದ್ದವು. ಇದರಲ್ಲಿ ಅವನ್ನು ತೆಗೆದು ಸಾಫ್ಟ್‌ವೇರನ್ನೇ ನಂಬಿದ್ದರು. ಆಪರೇಟರ್ ಬೇಗಬೇಗ ಟೈಪ್ ಮಾಡಿ ತಿದ್ದಿದರೆ ಮಾತ್ರ ಕಾಣಿಸಿಕೊಳ್ಳುವ ರೇಸ್ ಕಂಡೀಶನ್ ಒಂದು, ಅಂದರೆ ಒಟ್ಟಿಗೆ ನಡೆಯುವ ಎರಡು ಕೆಲಸಗಳ ಹೊತ್ತು ಹಿಂದೆಮುಂದಾಗಿ ಆಗುವ ತಪ್ಪು. ಇನ್ನೊಂದು ಕಡೆ ಒಂದು ಬೈಟಿನ ಎಣಿಕೆ 255 ದಾಟಿ ಸೊನ್ನೆಗೆ ಮರಳಿದಾಗ ಸುರಕ್ಷತಾ ಪರೀಕ್ಷೆಯೇ ತಪ್ಪಿಹೋಗುತ್ತಿತ್ತು. ಇಂಥ ಬಗ್ ನಾವೂ ನೀವೂ ಬರೆದಿರುತ್ತೇವೆ. ನನಗೆ ತುಂಬಾ ನೋವಾಗುವುದು ಇದಕ್ಕೆ: ಆ ಯಂತ್ರ ಅರ್ಥವಾಗದ ಒಂದು ಎರರ್ ನಂಬರ್ ತೋರಿಸುತ್ತಿತ್ತು, ದಿನಕ್ಕೆ ಎಷ್ಟೋ ಸಲ ಇಂಥವು ಬರುತ್ತಿದ್ದರಿಂದ ಆಪರೇಟರುಗಳಿಗೆ ಒಂದು ಕೀ ಒತ್ತಿ ಮುಂದುವರಿಯುವುದು ಅಭ್ಯಾಸವಾಗಿಬಿಟ್ಟಿತ್ತು. ನೀವು ಬರೆಯುವ ಪ್ರತಿ ಎಚ್ಚರಿಕೆಯ ಸಂದೇಶಕ್ಕೂ ಈ ಮಾತು ಅನ್ವಯಿಸುತ್ತೆ. ಸುಮ್ಮಸುಮ್ಮನೆ ಕೂಗುವ ಅಲರ್ಟ್ ಹತ್ತು ಹಾಕಿದರೆ, ನಿಜವಾಗಿ ಬೇಕಾದ ಹನ್ನೊಂದನೆಯದನ್ನೂ ಅವರು ಕಣ್ಣುಮುಚ್ಚಿ ಮುಚ್ಚುತ್ತಾರೆ.

ಡಾಕ್ಯುಮೆಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಇಸಿ 62304 ಅನ್ನುವ ಮಾನದಂಡ ವೈದ್ಯಕೀಯ ಸಾಧನದ ಸಾಫ್ಟ್‌ವೇರನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡುತ್ತೆ. ಕೆಟ್ಟರೂ ಯಾರಿಗೂ ಗಾಯವಾಗದು ಅಂದರೆ ಎ, ಸಾವು ಅಥವಾ ತೀವ್ರ ಗಾಯ ಆಗಬಹುದು ಅಂದರೆ ಸಿ, ಆ ವರ್ಗಕ್ಕೆ ತಕ್ಕಷ್ಟು ಬರವಣಿಗೆ. ಅಪಾಯ ಏನೇನು, ಯಾವ ಕೋಡ್ ಅದನ್ನು ತಡೆಯುತ್ತೆ, ಯಾವ ಟೆಸ್ಟ್ ಅದನ್ನು ತೋರಿಸುತ್ತೆ, ಇಷ್ಟನ್ನು ಒಂದಕ್ಕೊಂದು ಜೋಡಿಸಿ ಬರೆಯಬೇಕು. ಕೋಡ್ ಬರೆಯುವಾಗಲೇ ಬರೆದರೆ ಹಗುರ. ಆಡಿಟ್‌ಗೆ ಹಿಂದಿನ ವಾರ ಕೂತು ಬರೆದರೆ ಅದು ಸುಳ್ಳಿಗೆ ಹತ್ತಿರವಾಗುತ್ತೆ. ಅಪಾಯಿಂಟ್‌ಮೆಂಟ್ ಕೊಡುವಂಥ ಸಾಫ್ಟ್‌ವೇರಿಗೆ ಇದೆಲ್ಲ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನಿಮ್ಮದು ಯಾವುದು ಅಂತ ಕಂಪನಿಗೆ ಸ್ಪಷ್ಟವಾಗಿ ಗೊತ್ತಿರಬೇಕು.

ವಾರ್ಡಿಗೆ ಹೋಗಿ. ಈ ಮಾತನ್ನು ದೊಡ್ಡದಾಗಿ ಬರೆಯಬೇಕು ಅನ್ನಿಸುತ್ತೆ. ನಾವು ಒಮ್ಮೆ ಭದ್ರತೆಗೆ ಅಂತ ಐದು ನಿಮಿಷ ಸುಮ್ಮನಿದ್ದರೆ ತಾನೇ ಲಾಗೌಟ್ ಆಗುವಂತೆ ಮಾಡಿದೆವು. ಆಫೀಸಿನಲ್ಲಿ ಕೂತು ನೋಡಿದರೆ ಒಳ್ಳೆಯ ನಿರ್ಧಾರವೇ. ಎರಡು ವಾರದ ನಂತರ ಲಾಗ್ ನೋಡಿದರೆ ಒಬ್ಬರೇ ನರ್ಸ್ ಹನ್ನೆರಡು ಗಂಟೆಯಲ್ಲಿ ಇಡೀ ವಾರ್ಡಿಗೆ ಔಷಧಿ ಕೊಟ್ಟಂತೆ ಇತ್ತು. ಹೋಗಿ ನಿಂತು ನೋಡಿದೆ. ಅವರ ಕೈಯಲ್ಲಿ ಗ್ಲೌಸ್. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಐದು ನಿಮಿಷ ಆಗಿಬಿಡುತ್ತೆ. ಪ್ರತಿ ಸಲ ಗ್ಲೌಸ್ ತೆಗೆದು, ಪಾಸ್‌ವರ್ಡ್ ಹೊಡೆದು, ಮತ್ತೆ ಹೊಸ ಗ್ಲೌಸ್ ಹಾಕಲು ಯಾರಿಗೆ ಸಾಧ್ಯ? ಬೆಳಿಗ್ಗೆ ಒಬ್ಬರು ಲಾಗಿನ್ ಆಗುತ್ತಿದ್ದರು, ಆ ಕಡೆ ಹಾಯ್ದವರೆಲ್ಲ ಮೌಸ್ ಅಲ್ಲಾಡಿಸಿ ಹೋಗುತ್ತಿದ್ದರು. ಯಾರು ಯಾವ ಔಷಧಿ ಕೊಟ್ಟರು ಅನ್ನುವ ದಾಖಲೆಯನ್ನು ನಮ್ಮ ಭದ್ರತೆಯೇ ಕೆಡಿಸಿತ್ತು. ಆಮೇಲೆ ಅವರ ಗುರುತಿನ ಚೀಟಿಯನ್ನೇ ರೀಡರಿಗೆ ತಾಗಿಸಿದರೆ ಒಳಗೆ ಬರುವಂತೆ ಮಾಡಿದೆವು, ಗ್ಲೌಸ್ ಇದ್ದರೂ ನಡೆಯುತ್ತೆ. ಅವತ್ತು ಅಲ್ಲಿ ಎರಡು ಗಂಟೆ ನಿಂತಿದ್ದಕ್ಕೆ ಇನ್ನೂ ಎರಡು ವಿಷಯ ಗೊತ್ತಾಯಿತು. ರಾತ್ರಿ ದೀಪ ಆರಿಸಿದ ವಾರ್ಡಿನಲ್ಲಿ ನಮ್ಮ ಬಿಳಿ ಸ್ಕ್ರೀನಿನ ಬೆಳಕು ರೋಗಿಗಳನ್ನು ಎಬ್ಬಿಸುತ್ತಿತ್ತು. ಪಾಳಿ ಬದಲಾಗುವ ಹೊತ್ತಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಎಲ್ಲ ರೋಗಿಗಳ ವಿವರ ಒಪ್ಪಿಸುತ್ತಾರೆ, ನಾವು ಹೊಸ ಆವೃತ್ತಿಯನ್ನು ಸರಿಯಾಗಿ ಅದೇ ಹೊತ್ತಿಗೆ ಬಿಡುತ್ತಿದ್ದೆವು.

ಎಐ ಬಗ್ಗೆ ನೀವು ಕೇಳಿಲ್ಲ, ಆದರೂ ಆರು ತಿಂಗಳೊಳಗೆ ನಿಮ್ಮ ಮೇಜಿನ ಮೇಲೆ ಅದು ಬಂದೇ ಬರುತ್ತೆ. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಅಮೆರಿಕದ ಆಸ್ಪತ್ರೆಗಳಲ್ಲಿ ಬಳಸುತ್ತಿದ್ದ ಒಂದು ಅಲ್ಗಾರಿದಮ್ಮನ್ನು ಪರೀಕ್ಷಿಸಿತು. ಯಾರಿಗೆ ಹೆಚ್ಚಿನ ಆರೈಕೆ ಬೇಕು ಅಂತ ಹೇಳುವುದು ಅದರ ಕೆಲಸ. ಕಾಯಿಲೆ ಎಷ್ಟಿದೆ ಅನ್ನುವ ಬದಲು ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತೆ ಅಂತ ಅದು ಊಹಿಸುತ್ತಿತ್ತು. ಅಲ್ಲಿ ಅಷ್ಟೇ ಕಾಯಿಲೆಯಿದ್ದರೂ ಕಪ್ಪು ಜನರಿಗೆ ಕಡಿಮೆ ಖರ್ಚಾಗುತ್ತಿತ್ತು, ಹಾಗಾಗಿ ಅವರಿಗೆ ಅಷ್ಟು ಆರೈಕೆ ಬೇಡ ಅಂತ ಅಲ್ಗಾರಿದಮ್ ಕಲಿತಿತ್ತು. ಆ ದೋಷ ಸರಿಪಡಿಸಿದರೆ ಹೆಚ್ಚುವರಿ ಆರೈಕೆ ಸಿಗುವ ಕಪ್ಪು ರೋಗಿಗಳ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತಿತ್ತು. ಮಾಡೆಲ್ ಯಾವುದು ಅಂತ ಕೇಳುವ ಮೊದಲು, ಅದು ಊಹಿಸುತ್ತಿರುವ ಅಂಕಿ ನಿಜಕ್ಕೂ ಏನನ್ನು ಅಳೆಯುತ್ತೆ ಅಂತ ಕೇಳಿ.

ಇನ್ನು ಸ್ಟಾರ್ಟಪ್ ಅನ್ನುವ ಭಾಗ. ಇಲ್ಲಿ ಹಣ ಕೊಡುವವರು, ಬಳಸುವವರು, ಲಾಭ ಪಡೆಯುವವರು ಮೂವರೂ ಬೇರೆ. ಕೊಳ್ಳುವುದು ಆಡಳಿತದವರು, ಬಳಸುವುದು ನರ್ಸ್ ಮತ್ತು ಡಾಕ್ಟರ್, ಒಳ್ಳೆಯದಾಗಬೇಕಾದ್ದು ರೋಗಿಗೆ. ಒಂದು ಆಸ್ಪತ್ರೆ ಹೂಂ ಅನ್ನಲು ತಿಂಗಳುಗಟ್ಟಲೆ ಹಿಡಿಯುತ್ತೆ, ಒಂದು ವರ್ಷ ದಾಟಿದ್ದೂ ಉಂಟು. ನನ್ನ ಮೊದಲ ಕಂಪನಿ ಮುಚ್ಚಿದ್ದು ಸಾಫ್ಟ್‌ವೇರ್ ಕೆಟ್ಟದ್ದು ಅಂತಲ್ಲ. ಮೂರು ಆಸ್ಪತ್ರೆಗಳಲ್ಲಿ ಉಚಿತ ಪ್ರಯೋಗ ನಡೆಯುತ್ತಿತ್ತು, ಎಲ್ಲರಿಗೂ ಇಷ್ಟವಾಗಿತ್ತು, ಹಣ ಕೊಡುವ ಒಪ್ಪಂದಕ್ಕೆ ಯಾರೂ ಬರುವಷ್ಟರಲ್ಲಿ ನಮ್ಮ ಹಣ ಖಾಲಿಯಾಯಿತು. ಕೊನೆಯ ದಿನ ಆ ವಾರ್ಡಿಗೆ ಹೋಗಿ ಸಿಸ್ಟಮ್ ಬಂದ್ ಮಾಡಿ ಬಂದಿದ್ದು ಈಗಲೂ ನೆನಪಾದರೆ ಬೇಜಾರಾಗುತ್ತೆ. ಹಾಗಾಗಿ ಹಣ ಕೊಡುವ ಗ್ರಾಹಕರು ಎಷ್ಟು, ಬರೀ ಪ್ರಯೋಗ ಎಷ್ಟು, ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಬರುತ್ತೆ ಅಂತ ನೇರವಾಗಿ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ. ಷೇರು ಕೊಡುತ್ತೇವೆ ಅಂದರೆ ಅದನ್ನು ಸಂಬಳದ ಲೆಕ್ಕಕ್ಕೆ ಸೇರಿಸಬೇಡಿ.

ಹಣದ ಒತ್ತಡ ಬಂದಾಗ ಇನ್ನೊಂದು ಅಪಾಯ ಇದೆ. ಕೆಲಸ ಮಾಡದ್ದನ್ನು ಮಾಡುತ್ತೆ ಅಂತ ತೋರಿಸುವ ಆಸೆ. ಥೆರಾನೋಸ್ 2003ರಲ್ಲಿ ಶುರುವಾಗಿ, ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆ ಮಾಡುತ್ತೇವೆ ಅಂತ ಹೇಳಿಕೊಂಡ ಕಂಪನಿ. 2015ರಲ್ಲಿ ಅದರ ನಿಜ ಹೊರಬಂತು, 2018ರಲ್ಲಿ ಮುಚ್ಚಿತು, 2022ರಲ್ಲಿ ಸ್ಥಾಪಕಿ ಎಲಿಜಬೆತ್ ಹೋಮ್ಸ್ ಹೂಡಿಕೆದಾರರಿಗೆ ಮೋಸ ಮಾಡಿದ ಅಪರಾಧಿ ಅಂತ ತೀರ್ಮಾನವಾಯಿತು. ಅಲ್ಲಿನ ತಪ್ಪನ್ನು ಹೊರಗೆ ತಂದವರಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಕಿರಿಯ ಉದ್ಯೋಗಿಗಳೂ ಇದ್ದರು. ಇನ್ನೂ ಆಗದ ಫೀಚರನ್ನು ಮುಂದೆ ಆಗುತ್ತೆ ಅಂತ ತೋರಿಸುವುದು ಬೇರೆ, ರೋಗಿಯ ಮುಂದೆ ಆಗಿದೆ ಅಂತ ಇಡುವುದು ಬೇರೆ. ಎರಡನೆಯದನ್ನು ನಿಮಗೆ ಮಾಡಲು ಹೇಳಿದ ದಿನ ಇಲ್ಲ ಅನ್ನಿ, ಬರವಣಿಗೆಯಲ್ಲಿ ಅನ್ನಿ.

ಈಗ ಸಹಿ ಹಾಕುವ ಮೊದಲು ಕೇಳಬೇಕಾದ್ದು. ನಿಮ್ಮಲ್ಲಿ ಡಾಕ್ಟರ್ ಅಥವಾ ನರ್ಸ್ ಪೂರ್ಣಾವಧಿ ಕೆಲಸಕ್ಕಿದ್ದಾರಾ, ಒಂದು ಬಿಡುಗಡೆಯನ್ನು ನಿಲ್ಲಿಸುವ ಅಧಿಕಾರ ಅವರಿಗಿದೆಯಾ, ಕಳೆದ ಸಲ ಯಾವಾಗ ನಿಲ್ಲಿಸಿದ್ದರು? ತಿಂಗಳಿಗೊಮ್ಮೆ ಕರೆ ಮಾಡುವ ಸಲಹೆಗಾರರು ಇದ್ದಾರೆ ಅಂದರೆ ಸಾಲದು. ನಿಜವಾದ ರೋಗಿಗಳ ಡೇಟಾವನ್ನು ಎಂಜಿನಿಯರುಗಳು ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಹುದಾ ಅಂತ ಕೇಳಿ. "ಹೌದು, ಬೇಕಾದಾಗ" ಅಂದರೆ ನನಗಂತೂ ಅಲ್ಲಿ ಸೇರಲು ಮನಸ್ಸಾಗದು. ಕೊನೆಯದಾಗಿ, ರೋಗಿಗೆ ತೊಂದರೆ ಆಗಬಹುದಾಗಿದ್ದ ತಪ್ಪು ನಿಮ್ಮಲ್ಲಿ ಇತ್ತೀಚೆಗೆ ಯಾವುದು ಆಯಿತು, ಹೇಗೆ ಗೊತ್ತಾಯಿತು ಅಂತ ಕೇಳಿ. ಒಂದನ್ನು ವಿವರವಾಗಿ ಹೇಳಿದರೆ ಒಳ್ಳೆಯ ಜಾಗ. ಹಾಗೇನೂ ಆಗಿಯೇ ಇಲ್ಲ ಅಂದರೆ ಅವರು ಹುಡುಕುತ್ತಿಲ್ಲ ಅಂತ ಅರ್ಥ.

ನಿಮ್ಮ ಭಯ ಇದೆಯಲ್ಲ, ಅದು ನನಗೂ ಹೋಗಿಲ್ಲ. ಹೊಸಬರನ್ನು ಸಂದರ್ಶನ ಮಾಡುವಾಗ ನಾನು ಹುಡುಕುವುದೂ ಅದನ್ನೇ. ಆದರೆ ಆ ಭಾರವನ್ನು ಒಬ್ಬರೇ ಹೊರಬೇಕಾದ ಕಡೆ ಹೋಗಬೇಡಿ. ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುವಂತೆ ಇಟ್ಟುಕೊಂಡ ಕಂಪನಿ ಬೇಕು. ಆಫರ್ ಒಪ್ಪಿಕೊಳ್ಳುವ ಮುಂಚೆ ಅವರ ಸಾಫ್ಟ್‌ವೇರ್ ನಡೆಯುತ್ತಿರುವ ಒಂದು ವಾರ್ಡಿನಲ್ಲಿ ಅರ್ಧ ದಿನ ಕಳೆಯಲು ಬಿಡುತ್ತೀರಾ ಅಂತ ಕೇಳಿ ನೋಡಿ, ಆಸ್ಪತ್ರೆಯ ಒಪ್ಪಿಗೆ ಪಡೆದು, ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿ. ಬಿಟ್ಟರೆ ಹೋಗಿ, ಪಾಳಿ ಬದಲಾಗುವ ಹೊತ್ತಿಗೆ ಅಲ್ಲಿರುವಂತೆ ನೋಡಿಕೊಳ್ಳಿ, ಮೂಲೆಯಲ್ಲಿ ನಿಂತು ನರ್ಸ್‌ಗಳು ಯಾವುದನ್ನು ಸ್ಕ್ರೀನಿನಲ್ಲಿ ನೋಡುತ್ತಾರೆ, ಯಾವುದನ್ನು ಇನ್ನೂ ಕೈಯ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳುತ್ತಾರೆ ಅಂತ ಗಮನಿಸಿ. ಕೈ ಮೇಲೆ ಬರೆದಿದ್ದನ್ನು ನೀವೂ ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ, ರೋಗಿಯ ಹೆಸರು ಬಿಟ್ಟು. ಸೇರಿದ ಮೇಲೆ ಮೊದಲ ಆರು ತಿಂಗಳಿಗೆ ಬೇಕಾದಷ್ಟು ಕೆಲಸ ಆ ಹಾಳೆಯಲ್ಲೇ ಇರುತ್ತೆ.